ಪರಿಚಯ ಹೇಳಿ ಉಣ್ಣುವ ಊಟ

ಆ ಹುಡುಗಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನನಗೂ ಅವಳ ಮೇಲೆ ಅಂಥ ಪ್ರೀತಿಯೇನೂ ಉಕ್ಕುತ್ತಿರಲಿಲ್ಲ. ಸೋಮವಾರ ಬೆಳಗ್ಗೆ ಹಾಸ್ಟೆಲಿನ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ತೂಕ ಮಾಡುವುದು ನನ್ನ ಕೆಲಸ. ಉಳಿದವರು ಚಪ್ಪಲಿ ಬಿಟ್ಟು, ಒಬ್ಬರನ್ನೊಬ್ಬರು ಚುಡಾಯಿಸುತ್ತ ಹತ್ತಿ ಇಳಿದು ಹೋಗುತ್ತಿದ್ದರು. ಇವಳು ಹತ್ತಿ ನಿಂತರೆ ಕೆಳಗೆ ತೂಕದ ಮುಳ್ಳನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ದುರುಗುಟ್ಟಿ ನೋಡುತ್ತಿದ್ದಳು. ಮುಳ್ಳು ವಾರದಿಂದ ವಾರಕ್ಕೆ ಹಿಂದೆ ಸರಿಯುತ್ತಿತ್ತು. ಸರಿಯಾಗಿ ಊಟ ಮಾಡುತ್ತಿದ್ದೀಯಾ ಎಂದು ಕೇಳಿದರೆ ಮಾಡುತ್ತೇನೆ ಎನ್ನುವಳು. ಹಸಿ ಸುಳ್ಳು. ಅವಳ ತಟ್ಟೆಯಲ್ಲಿ ಉಳಿದದ್ದನ್ನು ತೂಗಿ ನೋಡುವವಳೂ ನಾನೇ ಆಗಿದ್ದೆ.

ಇದು ಎಂಬತ್ತರ ದಶಕದ ನಡುವಿನ ಮಾತು. ವಿಜಯನಗರಕ್ಕೆ ಅಂಟಿಕೊಂಡ ಆರ್‌ಪಿಸಿ ಲೇಔಟಿನಲ್ಲಿ ಒಂದು ಟ್ರಸ್ಟು ಹೆಣ್ಣುಮಕ್ಕಳಿಗಾಗಿ ಉಚಿತ ಹಾಸ್ಟೆಲ್ ನಡೆಸುತ್ತಿತ್ತು. ರಾಯಚೂರು, ಬಿಜಾಪುರ, ಚಿತ್ರದುರ್ಗದ ಕಡೆಯಿಂದ ಬಂದು ಜ್ಞಾನಭಾರತಿಯ ವಿಶ್ವವಿದ್ಯಾಲಯದಲ್ಲಿ ಎಂ.ಎ., ಎಂ.ಎಸ್ಸಿ. ಓದುವ ಹುಡುಗಿಯರು ಅಲ್ಲಿದ್ದರು. ಗೃಹವಿಜ್ಞಾನ ಓದಿದ್ದ ನಾನು ಅಲ್ಲಿ ಮೆಸ್ ಸೂಪರ್‌ವೈಸರ್. ಅಡುಗೆಯ ಪಟ್ಟಿ ಹಾಕುವುದು, ದಿನಸಿ ನೋಡುವುದು, ಹುಡುಗಿಯರ ಆರೋಗ್ಯದ ಮೇಲೆ ಕಣ್ಣಿಡುವುದು ನನ್ನ ಪಾಲಿಗೆ ಬಂದ ಕೆಲಸ. ಅಡುಗೆಯಮ್ಮನಿಗೆ ನನ್ನನ್ನು ಕಂಡರೆ ಸಿಡಿಮಿಡಿ, ಟ್ರಸ್ಟಿನ ಕಾರ್ಯದರ್ಶಿಗೆ ತಾತ್ಸಾರ. ನಾನೂ ಯಾರ ಹತ್ತಿರವೂ ನಯವಾಗಿ ಮಾತಾಡುವವಳಲ್ಲ. ಹೀಗಾಗಿ ಆ ಮನೆಯಲ್ಲಿ ಯಾರ ಮುಖದಲ್ಲೂ ನಗು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಹುಡುಗಿ ರಾಯಚೂರು ಕಡೆಯವಳು. ಗಣಿತದಲ್ಲಿ ಎಂ.ಎಸ್ಸಿ., ಎರಡನೇ ವರ್ಷ. ಮೊದಲನೇ ವರ್ಷ ಇಡೀ ವಿಭಾಗಕ್ಕೇ ಮೊದಲಿಗಳಾಗಿದ್ದಳು. ಅಪ್ಪ ಹತ್ತಿ ಮಿಲ್ಲಿನಲ್ಲಿ ಹಮಾಲಿ. ಸೋದರಮಾವನ ಮಗನಿಗೆ ಅವಳನ್ನು ಕೊಡುವುದೆಂದು ಆಗಲೇ ಮಾತಾಗಿತ್ತು. ಓದು ಮುಗಿಯುವ ತನಕ ತಡೆಯುತ್ತೇವೆಂದು ಮಾವನ ಮನೆಯವರು ಒಪ್ಪಿದ್ದು ಊಟ, ವಸತಿ ಎರಡೂ ಬಿಟ್ಟಿ ಸಿಗುತ್ತಿದೆ ಎಂಬ ಒಂದೇ ಕಾರಣಕ್ಕೆ. ಹಾಸ್ಟೆಲಿನ ಸೀಟು ಹೋದರೆ ಅವಳು ಹೋಗುವುದು ನೇರವಾಗಿ ಹಸೆಮಣೆಗೆ. ಇದು ನನಗೂ ಗೊತ್ತಿತ್ತು, ಕಾರ್ಯದರ್ಶಿಗೂ ಗೊತ್ತಿತ್ತು.

ಕಾರ್ಯದರ್ಶಿ ಸರ್ಕಾರಿ ಇಲಾಖೆಯೊಂದರಿಂದ ನಿವೃತ್ತರಾದವರು. ಚಿಕ್ಕಂದಿನಲ್ಲಿ ತಾವೂ ಬಿಟ್ಟಿ ಹಾಸ್ಟೆಲಿನಲ್ಲೇ ಉಂಡು ಓದಿದವರೆಂದು ಬಂದವರಿಗೆಲ್ಲ ಹೇಳುತ್ತಿದ್ದರು. ಬೆಳಗ್ಗೆ ರಾಜಾಜಿನಗರದಿಂದ ಸ್ಕೂಟರಿನಲ್ಲಿ ಬಂದು, ಹಣೆಯ ವಿಭೂತಿ ಅಳಿಸದಂತೆ ಬೆವರೊರೆಸಿಕೊಂಡು, ಆಫೀಸಿನಲ್ಲಿ ಕೂತರೆ ಎದ್ದು ಹೋಗುತ್ತಿದ್ದುದು ಮಧ್ಯಾಹ್ನಕ್ಕೆ. ಹಾಸ್ಟೆಲ್ ನಿಂತಿದ್ದೇ ಅವರ ಓಡಾಟದಿಂದ. ಅದನ್ನು ಇಲ್ಲವೆನ್ನಲಾರೆ. ದಾನಿಗಳನ್ನು ಹಿಡಿದು ತರುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಯಾರದೋ ಮನೆಯ ನಾಮಕರಣ, ಯಾರದೋ ಅರವತ್ತರ ಶಾಂತಿ, ಯಾರದೋ ತಾಯಿಯ ಪುಣ್ಯತಿಥಿ, ಯಾವುದಿದ್ದರೂ ಅವತ್ತಿನ ಊಟ ಅವರ ಹೆಸರಿನಲ್ಲಿ. ಊಟದ ಹಾಲಿನ ಬಾಗಿಲಲ್ಲಿ ಕಪ್ಪು ಹಲಗೆ, ಅದರ ಮೇಲೆ ಸೀಮೆಸುಣ್ಣದಲ್ಲಿ ದಾನಿಗಳ ಹೆಸರು. ದಾನಿಗಳು ಬಂದು ಮೊದಲ ಸೌಟು ಬಡಿಸುತ್ತಿದ್ದರು. ಅದಕ್ಕೆ ಮುಂಚೆ ಹುಡುಗಿಯರೆಲ್ಲ ಎದ್ದು ಕೈಮುಗಿದು ಪ್ರಾರ್ಥನೆ ಹೇಳಬೇಕು. ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಹುಡುಗಿ ನಿಂತು ತನ್ನ ಪರಿಚಯ ಹೇಳಬೇಕು. ಕಾರ್ಯದರ್ಶಿಗಳು ಹಾಕಿಕೊಟ್ಟ ಪದ್ಧತಿ ಇದು. ಆ ಹೊತ್ತಿಗೆ ನಾನು ಒಳಗೆ ತುಪ್ಪ ಕಾಯಿತೋ, ಹಪ್ಪಳ ಮೆತ್ತಗಾಯಿತೋ ಎಂದು ಒದ್ದಾಡುತ್ತಿರುತ್ತಿದ್ದೆ. ಹಾಲಿನಿಂದ ಯಾವುದೋ ಹೆಣ್ಣುದನಿ, ಆಮೇಲೆ ಚಪ್ಪಾಳೆ, ನನಗೆ ಕೇಳಿಸುತ್ತಿದ್ದುದು ಅಷ್ಟೆ.

ಒಂದು ದಿನ ಕಾರ್ಯದರ್ಶಿ ನನ್ನನ್ನು ಕರೆಸಿದರು. ಹಿಂದಿನ ದಿನ ದಾನಿಯೊಬ್ಬರು ಕೈಯಾರೆ ಬಡಿಸಿದ ಪಾಯಸವನ್ನು ಆ ಹುಡುಗಿ ಮುಟ್ಟದೆ ಬಿಟ್ಟಿದ್ದಳಂತೆ. ದಾನಿಗಳು ನೊಂದುಕೊಂಡರಂತೆ. ರ‍್ಯಾಂಕ್ ಬಂದದ್ದು ನೆತ್ತಿಗೇರಿದೆ, ಹಾಸ್ಟೆಲಿನ ಅನ್ನ ಅವಳಿಗೆ ರುಚಿಸುತ್ತಿಲ್ಲ, ಊಟ ಬೇಡದವಳಿಗೆ ಸೀಟೂ ಬೇಡ ಎಂದರು. ಪರೀಕ್ಷೆಗೆ ಇನ್ನೂ ತಿಂಗಳುಗಳಿದ್ದವು. ಅಷ್ಟರೊಳಗೆ ಅವಳು ಎಲ್ಲರ ಹಾಗೆ ಕೂತು ಉಣ್ಣುವಂತೆ ಮಾಡುವುದು ನನ್ನ ಜವಾಬ್ದಾರಿ, ಆಗದಿದ್ದರೆ ಅವಳಪ್ಪನನ್ನು ಕರೆಸುತ್ತೇನೆಂದು ಸ್ಪಷ್ಟವಾಗಿ ಹೇಳಿದರು. ಅಡುಗೆಯಮ್ಮನೂ ಬಾಗಿಲಿನಿಂದ ತನ್ನದೊಂದು ಸೇರಿಸಿದಳು: “ಅವಳಿಗೆ ಕೊಬ್ಬು ಕಣಮ್ಮ. ನಾಕು ದಿನ ಉಪವಾಸ ಕೆಡವಿ, ತಾನಾಗೇ ತಿಂತಾಳೆ.”

ನನಗೆ ಮೈಯೆಲ್ಲ ಉರಿಯಿತು. ಕಾರ್ಯದರ್ಶಿ ಮೇಲಲ್ಲ, ಹುಡುಗಿಯ ಮೇಲೆ. ಇವಳೊಬ್ಬಳ ಹಠದಿಂದ ನನ್ನ ಕೆಲಸದ ಮೇಲೆ ಮಾತು ಬಂತಲ್ಲ ಎಂದು.

ಕಲಿತದ್ದನ್ನೆಲ್ಲ ಪ್ರಯೋಗಿಸಲು ಶುರುಮಾಡಿದೆ. ದಿನಾ ಬೆಳಗ್ಗೆ ಅವಳನ್ನು ಕೂರಿಸಿಕೊಂಡು, ಹಿಂದಿನ ದಿನ ಎದ್ದಾಗಿನಿಂದ ಮಲಗುವ ತನಕ ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ನೆನಪಿಸಿ ಹೇಳಿಸುತ್ತಿದ್ದೆ. ಬಡಿಸುವ ಮುಂಚೆ ಅನ್ನ ತೂಗುತ್ತಿದ್ದೆ, ಅವಳು ಕೈತೊಳೆಯಲು ಎದ್ದ ಮೇಲೆ ತಟ್ಟೆ ತೂಗುತ್ತಿದ್ದೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ರಕ್ತವಿಲ್ಲದೆ ಬಿಳುಪೇರಿತ್ತು. ವಿಜಯನಗರದ ಒಬ್ಬ ಡಾಕ್ಟರ ಹತ್ತಿರ ರಕ್ತ ಪರೀಕ್ಷೆ ಮಾಡಿಸಿ ಕಬ್ಬಿಣದ ಮಾತ್ರೆ ತಂದೆ, ಸಾರಿಗೆ ನುಗ್ಗೆಸೊಪ್ಪು ಹಾಕಿಸಿದೆ. ಮಾತ್ರೆಯನ್ನು ನನ್ನೆದುರಿಗೇ ನುಂಗುತ್ತಿದ್ದಳು, ಅನ್ನವನ್ನಲ್ಲ. ಎರಡು ತುತ್ತು ಹಾಕಿಕೊಂಡು, ನೀರು ಕುಡಿದು, ಉಳಿದದ್ದನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ಸವರಿ ಕೂರುವಳು. ರಾತ್ರಿ ನಿದ್ದೆಯಿಲ್ಲ, ಕ್ಲಾಸಿನಲ್ಲಿ ಲೆಕ್ಕ ಅರ್ಧಕ್ಕೇ ಕೈಬಿಟ್ಟು ಗೋಡೆ ನೋಡುತ್ತ ಕೂರುತ್ತಾಳೆ ಎಂದು ಅವಳ ಕೋಣೆಯ ಗೆಳತಿ ಹೇಳಿದಳು.

ಊರಿನ ಊಟದ ನೆನಪಿರಬೇಕು ಎಂದುಕೊಂಡೆ. ನಮ್ಮಲ್ಲಿ ಮುದ್ದೆ, ಅನ್ನ, ಹುಳಿ. ಅವಳು ಹುಟ್ಟಿದ್ದು ಜೋಳದ ರೊಟ್ಟಿಯ ಸೀಮೆಯಲ್ಲಿ. ರೊಟ್ಟಿ ಮಾಡಿಸುತ್ತೇನೆಂದರೆ ಅಡುಗೆಯಮ್ಮ ಮುಖ ಗಂಟಿಕ್ಕಿದಳು. ಅವಳು ಕುಣಿಗಲ್ ಕಡೆಯವಳು, ಜೋಳದ ಹಿಟ್ಟು ಮುಟ್ಟಿದವಳೇ ಅಲ್ಲ. ಮೊದಲ ಸಲ ತಂದ ಹಿಟ್ಟು ಹಳೆಯದು, ಕೈಗೆ ಎತ್ತಿದರೆ ರೊಟ್ಟಿ ಹರಿದು ಹೋಗುತ್ತಿತ್ತು. ಹಂಚಿನ ಮೇಲೆ ಬಿದ್ದ ಚೂರುಗಳನ್ನು ಅಡುಗೆಯಮ್ಮ ನನಗೇ ತಂದು ತೋರಿಸಿದಳು, ಗೆದ್ದವಳ ಹಾಗೆ. ಬಸವೇಶ್ವರನಗರದಲ್ಲಿ ಬಿಜಾಪುರದ ಒಂದು ಸಂಸಾರ ನನಗೆ ಪರಿಚಯವಿತ್ತು. ಆ ಮನೆಯಾಕೆಯನ್ನು ಕಾಡಿಬೇಡಿ ಕರೆತಂದೆ. ಹೊಸದಾಗಿ ಬೀಸಿದ ಹಿಟ್ಟು ತನ್ನಿ, ಎಸರು ಕುದಿಯುವಾಗಲೇ ನಾದಿ, ಬಡಿಯುವಾಗ ಅಂಚಿನಿಂದ ಬಡಿಯಿರಿ ಎಂದು ಆಕೆ ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಅಡುಗೆಯಮ್ಮ ಬೈದುಕೊಂಡೇ ಬಡಿದಳು. ರೊಟ್ಟಿ ಉಬ್ಬಿತು.

ಅವತ್ತು ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು. ಹುಡುಗಿಯರು ಹಬ್ಬ ಬಂದ ಹಾಗೆ ಗಲಾಟೆ ಮಾಡಿ ಉಂಡರು. ಆ ಹುಡುಗಿಯೂ ತಲೆ ಬಗ್ಗಿಸಿ ಒಂದು ರೊಟ್ಟಿ ಮುಗಿಸಿ, ಇನ್ನೊಂದಕ್ಕೆ ಕೈಚಾಚಿದಳು. ನಾನು ಗೆದ್ದೆನೆಂದು ಒಳಗೊಳಗೇ ಬೀಗಿದೆ. ರೊಟ್ಟಿಯ ಸುದ್ದಿ ಕಾರ್ಯದರ್ಶಿಗೆ ತಲುಪಿತು. ಅವರು ಆ ವಾರವೇ ರೊಟ್ಟಿ ಊಟಕ್ಕೂ ಒಬ್ಬ ದಾನಿಯನ್ನು ಹಿಡಿದರು. ಹಲಗೆಯ ಮೇಲೆ ಹೆಸರು ಬಂತು, ಪ್ರಾರ್ಥನೆಯಾಯಿತು, ಪರಿಚಯವಾಯಿತು. ಅದೇ ಹಿಟ್ಟು, ಅದೇ ಕೈ, ಅದೇ ಪಲ್ಯ. ಹುಡುಗಿ ರೊಟ್ಟಿಯನ್ನು ಮುರಿದು ಚೂರು ಮಾಡಿ, ಒಂದು ಚೂರನ್ನೂ ಬಾಯಿಗಿಡದೆ ಎದ್ದು ಹೋದಳು. ಆಗಲೇ ನನಗೆ ಹೊಳೆಯಬೇಕಿತ್ತು ಎಂದು ನೀವು ಹೇಳಬಹುದು. ಹೊಳೆಯಲಿಲ್ಲ. ಇವಳಿಗೆ ದೇವೇಂದ್ರ ಬಂದು ಬಡಿಸಿದರೂ ಸಮಾಧಾನವಿಲ್ಲ ಎಂದು ಬೈದುಕೊಂಡೆ.

ಕೊನೆಗೆ, ಇದು ಹೊಟ್ಟೆಯ ತೊಂದರೆಯಲ್ಲ ಎಂದು ಅನ್ನಿಸಿ, ಸರ್ಕಾರಿ ಆಸ್ಪತ್ರೆಯಲ್ಲಿದ್ದ ಒಬ್ಬ ಮನೋವೈದ್ಯೆಯ ಹತ್ತಿರ ಅವಳನ್ನು ಕರೆದುಕೊಂಡು ಹೋದೆ. ಆ ಕಾಲದಲ್ಲಿ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಕಣ್ಣು ತೋರಿಸಲು ಎಂದು ಸುಳ್ಳು ಹೇಳಿ ಬಸ್ಸು ಹತ್ತಿಸಿದೆ. ದಾರಿಯುದ್ದಕ್ಕೂ ಅವಳು ಕಿಟಕಿಯ ಕಂಬಿ ಹಿಡಿದು ಕೂತಳು. ವೈದ್ಯೆ ಅವಳೊಬ್ಬಳನ್ನೇ ಒಳಗೆ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಆಮೇಲೆ ನನ್ನನ್ನು ಕರೆದರು. ಹುಡುಗಿಗೆ ಖಿನ್ನತೆ ಇದೆ, ಹುಚ್ಚಲ್ಲ, ಹಠವೂ ಅಲ್ಲ, ನಿದ್ದೆಗೆ ಸಣ್ಣದೊಂದು ಮಾತ್ರೆ ಕೊಡುತ್ತೇನೆ ಎಂದರು. ಉಳಿದದ್ದನ್ನು ನನಗೆ ಹೇಳಲು ಅವಳ ಒಪ್ಪಿಗೆಯಿಲ್ಲವಂತೆ. ಆದರೆ ಒಂದು ಮಾತು ಹೇಳಿದರು: “ಅವಳು ಏನು ತಿನ್ನಲ್ಲ ಅಂತ ಸಾಕಷ್ಟು ನೋಡಿದೀರಿ. ಎಲ್ಲಿ ಖುಷಿಯಾಗಿ ತಿಂತಾಳೆ ಅಂತ ನೋಡಿ.”

ಆಸ್ಪತ್ರೆಯ ಹೊರಗೆ ನಮ್ಮನ್ನು ಯಾರೋ ಕಂಡಿದ್ದರು. ಮರುದಿನ ಆಫೀಸಿನ ಬಾಗಿಲು ಹಾಕಿಕೊಂಡು ಕಾರ್ಯದರ್ಶಿ ನನ್ನ ಮೇಲೆ ಹರಿಹಾಯ್ದರು. ನಮ್ಮ ಹಾಸ್ಟೆಲಿನ ಹುಡುಗಿಯನ್ನು ಹುಚ್ಚಾಸ್ಪತ್ರೆಗೆ ಕರೆದುಕೊಂಡು ಹೋದಿರಾ, ನಾಳೆ ಯಾವ ದಾನಿ ಬರುತ್ತಾನೆ, ಯಾವ ತಂದೆ ಮಗಳನ್ನು ಕಳಿಸುತ್ತಾನೆ ಎಂದು ಕೂಗಾಡಿದರು. ಅದು ಹುಚ್ಚಾಸ್ಪತ್ರೆಯಲ್ಲ ಎಂದೆ. ಎಲ್ಲ ಒಂದೇ ಎಂದರು. ಬರುವ ಭಾನುವಾರ ಬಸವೇಶ್ವರನಗರದ ಒಬ್ಬ ದೊಡ್ಡ ದಾನಿಗಳ ಊಟವಿತ್ತು. ಹುಡುಗಿ ಅವತ್ತು ಎದ್ದು ನಿಂತು ಚೆನ್ನಾಗಿ ಪರಿಚಯ ಹೇಳಿ, ಬಡಿಸಿದ್ದನ್ನು ಪೂರ್ತಿ ತಿಂದರೆ ಸರಿ. ಇಲ್ಲವೆಂದರೆ ಸೋಮವಾರವೇ ಅವಳಪ್ಪನಿಗೆ ತಂತಿ. ತಲೆ ಕೆಟ್ಟವಳನ್ನು ಇಟ್ಟುಕೊಳ್ಳಲು ಇದು ಛತ್ರವಲ್ಲ ಎಂದೂ ಸೇರಿಸಿದರು. ನಾನೇ ಅವರ ಕೈಗೆ ಕೋಲು ಕೊಟ್ಟ ಹಾಗಾಗಿತ್ತು.

ವೈದ್ಯೆಯ ಮಾತು ಹಿಡಿದು ನಾನು ಜ್ಞಾನಭಾರತಿಗೆ ಹೋದೆ. ಕ್ಲಾಸು ಬಿಡುವ ಹೊತ್ತು. ಬಸ್ ಸ್ಟಾಪಿನ ಹತ್ತಿರ ಮರದ ಕೆಳಗೆ ಒಬ್ಬಾಕೆ ಬುಟ್ಟಿಯಿಟ್ಟುಕೊಂಡು ಸೀಬೆಕಾಯಿ, ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳು. ನಮ್ಮ ಹುಡುಗಿ ಅಲ್ಲಿದ್ದಳು. ಸೀಬೆಕಾಯಿ ಸೀಳಿಸಿ, ಉಪ್ಪು ಖಾರ ಹಚ್ಚಿಸಿಕೊಂಡು, ಕಚಕಚ ಕಚ್ಚಿ ತಿನ್ನುತ್ತಿದ್ದಳು. ಕಡಲೆಕಾಯಿಯ ಪೊಟ್ಟಣವನ್ನು ಗೆಳತಿಯರ ಮುಂದೆ ಹಿಡಿದು ತಗೊಳ್ಳಿ ತಗೊಳ್ಳಿ ಎಂದು ಒತ್ತಾಯ ಮಾಡುತ್ತಿದ್ದಳು. ನಗುತ್ತಿದ್ದಳು. ಅವಳ ಹಲ್ಲನ್ನು ನಾನು ನೋಡಿದ್ದು ಅವತ್ತೇ. ಆರ್‌ಪಿಸಿ ಲೇಔಟಿನಲ್ಲೇ ಒಂದು ಮಗುವಿಗೆ ಲೆಕ್ಕ ಹೇಳಿಕೊಟ್ಟು ಒಂದಿಷ್ಟು ಕೈಖರ್ಚಿಗೆ ಸಂಪಾದಿಸುತ್ತಾಳೆಂದು ಕೇಳಿದ್ದೆ. ಅದು ಹೋಗುತ್ತಿದ್ದುದು ಇಲ್ಲಿಗೆ.

ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, ಹಾಸ್ಟೆಲ್ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ಇದು ಇಳಿಯುತ್ತದೆ ಅಲ್ಲವೇ ಎಂದು ಕೇಳಿದೆ. ಗೆಳತಿಯರು ಮೆಲ್ಲಗೆ ಸರಿದು ಹೋದರು. ಅವಳ ನಗು ಆರಿತು.

“ಇದಕ್ಕ ಯಾರಿಗೂ ಏನೂ ಹೇಳಬೇಕಾಗಿಲ್ರಿ,” ಎಂದಳು. “ರೊಕ್ಕ ಕೊಟ್ಟೆ, ಆಕಿ ಹಣ್ಣು ಕೊಟ್ಲು. ನಮ್ಮಪ್ಪ ಏನ್ ಮಾಡ್ತಾನ ಅಂತ ಆಕಿ ಕೇಳಲಿಲ್ಲ.”

ಏನು ಹೇಳುತ್ತಿದ್ದೀಯ, ಬಿಡಿಸಿ ಹೇಳು ಎಂದೆ.

“ಹೇಳಂಗಿಲ್ಲ. ಹೇಳಿ ಹೇಳಿ ಸಾಕಾಗೇತಿ. ಐತವಾರ ಒಳಗ ಬಂದು ನಿಂತು ಕೇಳ್ರಿ. ಒಲಿ ಮುಂದ ನಿಂತ್ಕೊಂಡು ನನ್ನ ತಟ್ಟಿ ತೂಗಬ್ಯಾಡ್ರಿ.”

ಅಷ್ಟು ಹೇಳಿ ಬಸ್ಸು ಬರುವ ಮುಂಚೆಯೇ ಮೈಸೂರು ರಸ್ತೆಯ ಕಡೆ ನಡೆದು ಹೊರಟಳು. ಎದುರು ಮಾತಾಡುವ ಹುಡುಗಿಯರು ನನಗೆ ಹಿಡಿಸುವುದಿಲ್ಲ. ಆದರೂ ಭಾನುವಾರ ಹಾಲಿನಲ್ಲಿ ನಿಲ್ಲಬೇಕೆಂದು ತೀರ್ಮಾನಿಸಿದೆ.

ಭಾನುವಾರದ ದಾನಿ ಸಣ್ಣದೊಂದು ಕಾರ್ಖಾನೆಯ ಯಜಮಾನರ ಹೆಂಡತಿ. ಅತ್ತೆಯ ಪುಣ್ಯತಿಥಿ. ಬಾಳೆಎಲೆ, ಹೋಳಿಗೆ, ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ. ತುಪ್ಪದ ಪಾತ್ರೆಯನ್ನು ಅಡುಗೆಯಮ್ಮನಿಂದ ಕಿತ್ತುಕೊಂಡು ನಾನೇ ಹಾಲಿಗೆ ಬಂದೆ. ಪಂಕ್ತಿಯಲ್ಲಿ ಎಲೆಗಳ ಮುಂದೆ ಹುಡುಗಿಯರು ಕೈಮುಗಿದು ನಿಂತಿದ್ದರು. ದಾನಿಯಮ್ಮ ರೇಷ್ಮೆ ಸೀರೆಯ ಸೆರಗು ಬಿಗಿದುಕೊಂಡು ನಿಂತಿದ್ದರು, ಒಳ್ಳೆಯ ಮುಖದ ಹೆಂಗಸು. ಪ್ರಾರ್ಥನೆ ಮುಗಿಯಿತು. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, ಈಗ ನಮ್ಮ ರ‍್ಯಾಂಕ್ ವಿದ್ಯಾರ್ಥಿನಿಯ ಪರಿಚಯ ಎಂದರು. ಆ ವರ್ಷ ಹೆಚ್ಚುಕಡಿಮೆ ಪ್ರತಿ ದಾನಿಯ ಮುಂದೆಯೂ ಅವಳನ್ನೇ ನಿಲ್ಲಿಸಿದ್ದರೆಂದು ಪಕ್ಕದ ಹುಡುಗಿ ನನ್ನ ಕಿವಿಯಲ್ಲಿ ಹೇಳಿದಳು. ಬುದ್ಧಿವಂತೆ, ಬಡವಿ, ಎರಡೂ ಒಬ್ಬಳಲ್ಲೇ ಸಿಕ್ಕಿದ್ದಳಲ್ಲ.

ಹುಡುಗಿ ಬಾಯಿಪಾಠದ ದನಿಯಲ್ಲಿ ಶುರುಮಾಡಿದಳು. ಹೆಸರು, ಊರು, ಓದು. ಅಪ್ಪ ಹಮಾಲಿ. ಮಳೆಗಾಲದಲ್ಲಿ ಮಿಲ್ಲು ಮುಚ್ಚಿದರೆ ಕೂಲಿಯೂ ಇಲ್ಲ. ಅಲ್ಲಿಗೆ ನಿಲ್ಲಿಸಿದಳು.

“ತಾಯಿ ವಿಷಯ ಹೇಳಮ್ಮ,” ಎಂದರು ಕಾರ್ಯದರ್ಶಿ. “ಅವರು ಏನು ಉಣ್ತಾರೆ ಅಂತ ಹೇಳು. ಹೋದ ಸಲ ಎಷ್ಟು ಚೆನ್ನಾಗಿ ಹೇಳಿದ್ದೆ.”

ಹುಡುಗಿ ನನ್ನ ಕಡೆ ನೋಡಿದಳು. ತೂಕದ ಯಂತ್ರದ ಮೇಲೆ ನಿಂತಾಗ ನೋಡುತ್ತಿದ್ದ ಅದೇ ನೋಟ.

“ನಮ್ಮವ್ವ ನಮಗ ಬಡಿಸಿ, ಉಳಿದ್ರ ಉಣ್ತಾಳ್ರಿ. ಉಳೀಲಿಲ್ಲಂದ್ರ ನೀರು ಕುಡದು ಮಕ್ಕೋತಾಳ್ರಿ.”

ಚಪ್ಪಾಳೆಯಾಯಿತು. ನಿಜವಾಗಿಯೂ ಚಪ್ಪಾಳೆ ತಟ್ಟಿದರು. ದಾನಿಯಮ್ಮ ಕಣ್ಣೊರೆಸಿಕೊಂಡು ಬಂದು, ಮಿಕ್ಕವರಿಗೆ ಒಂದೊಂದು ಹೋಳಿಗೆಯಾದರೆ ಇವಳ ಎಲೆಗೆ ಎರಡು ಇಟ್ಟರು. ಎಲ್ಲರೂ ಕೂತರು. ಹುಡುಗಿಯೂ ಕೂತಳು. ಅವಳ ಗಂಟಲು ಆಡುತ್ತಿತ್ತು, ಬಾಯಲ್ಲಿ ಮಾತ್ರ ಏನೂ ಇರಲಿಲ್ಲ. ನಾನು ಅನ್ನ ತೂಗಿದ್ದೆ, ರಕ್ತ ಪರೀಕ್ಷೆ ಮಾಡಿಸಿದ್ದೆ, ಹಿಟ್ಟು ಬದಲಾಯಿಸಿದ್ದೆ. ಹೆತ್ತ ತಾಯಿಯ ಹಸಿವನ್ನು ಊರವರ ಮುಂದೆ ಬಿಚ್ಚಿಟ್ಟ ಬಾಯಿಗೆ ಆಮೇಲೆ ಹೋಳಿಗೆ ಹೇಗೆ ಸೇರುತ್ತದೆ? ಅದಕ್ಕಾಗಿಯೇ ಅವಳಿಗೆ ಹಲಗೆಯ ಮೇಲೆ ಹೆಸರಿದ್ದ ಅನ್ನವಾಗಲಿ, ರೊಟ್ಟಿಯಾಗಲಿ, ಯಾವುದೂ ಇಳಿಯುತ್ತಿರಲಿಲ್ಲ. ಬರಬರುತ್ತ ಆ ಹಾಲಿನಲ್ಲಿ ಕೂತರೆ ಸಾಕು, ಹಸಿವೇ ಸತ್ತು ಹೋಗುತ್ತಿತ್ತು. ನನಗೆ ಅಳು ಬರಲಿಲ್ಲ. ಕೆಟ್ಟ ಕೋಪ ಬಂತು.

“ತಿನ್ನಮ್ಮ. ಅವರು ನೋಡ್ತಾ ನಿಂತಿದಾರೆ,” ಎಂದರು ಕಾರ್ಯದರ್ಶಿ. ನಿಜ, ಎಲ್ಲರೂ ನೋಡುತ್ತಿದ್ದರು. ದಾನಿಯಮ್ಮ, ಅವರ ಜೊತೆ ಬಂದ ನೆಂಟರು, ಪಂಕ್ತಿಯಲ್ಲಿ ಕೂತವರು, ಅಡುಗೆಮನೆ ಬಾಗಿಲಿನಿಂದ ಅಡುಗೆಯಮ್ಮ. ಹುಡುಗಿ ಹೋಳಿಗೆ ಮುರಿದಳು. ಕೈ ಬಾಯಿಯ ಹತ್ತಿರ ಬಂದು ನಿಂತಿತು.

ನಾನು ತುಪ್ಪದ ಪಾತ್ರೆಯನ್ನು ಕೆಳಗಿಟ್ಟೆ. “ಸಾರ್, ನೀವೂ ಬಿಟ್ಟಿ ಹಾಸ್ಟೆಲಲ್ಲಿ ಉಂಡು ಓದಿದವರಲ್ವಾ,” ಎಂದೆ. “ನಿಮ್ಮ ತಾಯಿ ಏನು ಉಣ್ತಿದ್ರು ಅಂತ ಮೊದಲು ನೀವು ಹೇಳಿ. ಆಮೇಲೆ ಅವಳು ತಿಂತಾಳೆ.”

ಕಾರ್ಯದರ್ಶಿ ಬಾಯಿ ತೆರೆದರು. ಅವರ ಕೈ ಎರಡೂ ಎದೆಯ ಹತ್ತಿರ ಬಂದು ತಾವಾಗೇ ಜೋಡಿಸಿಕೊಂಡವು, ಹಾಗೆಯೇ ಕೆಳಗಿಳಿದವು. ದಾನಿಯಮ್ಮ ತಲೆ ತಗ್ಗಿಸಿದರು. ನಾನು ಹುಡುಗಿಗೆ, ಏಳಮ್ಮ, ಹಸಿವಾದಾಗ ಬಂದು ಉಣ್ಣು ಎಂದೆ. ಅವಳು ಎದ್ದು ಕೈತೊಳೆದುಕೊಂಡು ಮೆಟ್ಟಿಲು ಹತ್ತಿ ಹೋದಳು. ದಾನಿಯಮ್ಮ ಉಳಿದದ್ದನ್ನು ಬಡಿಸದೆ ಕಾರು ಹತ್ತಿದರು. ಹೋಳಿಗೆ ಆರಿಹೋಯಿತು.

ಊಟವಾದ ಮೇಲೆ ಆಫೀಸಿಗೆ ಕರೆ ಬಂತು. ಅವರು ಕೂಗಾಡುತ್ತಾರೆಂದು ಸೊಂಟ ಕಟ್ಟಿಕೊಂಡೇ ಹೋಗಿದ್ದೆ. ಕೂಗಲಿಲ್ಲ. ಮೇಜಿನ ಗಾಜನ್ನು ಒರೆಸುತ್ತ ತಗ್ಗಿದ ದನಿಯಲ್ಲಿ ಮಾತಾಡಿದರು.

“ಚಿಕ್ಕ ಹುಡುಗ ಆಗಿದ್ದಾಗಿಂದ ನಾನೂ ಹೇಳಿದೀನಿ. ಎಲೆ ಮುಂದೆ ನಿಂತು, ಕೈ ಮುಗಿದು. ನಮ್ಮಮ್ಮನ ಬಗ್ಗೆನೂ ಹೇಳಿದೀನಿ. ನನಗೇನಾಯ್ತು? ಏನೂ ಆಗಲಿಲ್ಲ. ಓದಿದೆ, ಆಫೀಸರಾದೆ.”

ಆ ಮನುಷ್ಯ ನಮ್ಮ ಹಾಸ್ಟೆಲಿನಲ್ಲಿ ಒಂದು ತುತ್ತು ತಿಂದದ್ದನ್ನು ಯಾರೂ ನೋಡಿರಲಿಲ್ಲ. ಹಬ್ಬದ ದಿನ ದಾನಿಗಳು ಎಷ್ಟು ಕರೆದರೂ, ಮನೆಯಲ್ಲಿ ಆಗಿದೆ ಎನ್ನುತ್ತಿದ್ದರು. ಆಫೀಸಿನಲ್ಲಿ ಕಾಫಿ ಕುಡಿಯುವಾಗಲೂ ಗೋಡೆಯ ಕಡೆ ತಿರುಗಿ ಕುಡಿಯುತ್ತಿದ್ದರು. ಅದು ಅವರ ಮಡಿ ಎಂದು ನಾವೆಲ್ಲ ತಿಳಿದಿದ್ದೆವು.

“ಹಾಗಾದ್ರೆ ನೀವು ಯಾರ ಮುಂದೆನೂ ಯಾಕೆ ಊಟ ಮಾಡಲ್ಲ ಸಾರ್?” ಎಂದು ಕೇಳಿದೆ.

ಒರೆಸುತ್ತಿದ್ದ ಬಟ್ಟೆಯನ್ನು ಅವರು ಮೇಜಿನ ಮೇಲೆಯೇ ಬಿಟ್ಟರು. ಹೊರಗೆ ಹೋಗಿ ಎಂದರು. ಹೋದೆ. ಕೇಳಿದ್ದಕ್ಕೆ ನನಗೆ ಬೇಸರವಿರಲಿಲ್ಲ, ಈಗಲೂ ಇಲ್ಲ.

ಟ್ರಸ್ಟಿನ ಸಮಿತಿ ಅದೇ ವಾರ ಸೇರಿತು. ಬಂದವರೆಲ್ಲ ನನ್ನ ತಂದೆಯ ವಯಸ್ಸಿನವರು, ಯಾರೂ ನನಗೆ ಕೂರಲು ಹೇಳಲಿಲ್ಲ. ದಾನಿಯಮ್ಮ ಮನೆಗೆ ಹೋಗಿ, ಇನ್ನು ಆ ಹಾಸ್ಟೆಲಿಗೆ ಕಾಲಿಡುವುದಿಲ್ಲ ಎಂದಿದ್ದರಂತೆ. ಸಮಿತಿಗೆ ಹುಡುಗಿಯ ಗಂಟಲಿಗಿಂತ ಅದು ದೊಡ್ಡ ಚಿಂತೆ. ಯಾರ ಅಪ್ಪಣೆ ಕೇಳಿ ಬಾಯಿ ಹಾಕಿದಿರಿ ಎಂದು ಕೇಳಿದರು. ಪರಿಚಯದ ಪದ್ಧತಿಯಿಂದ ಹುಡುಗಿಗೆ ಕಾಯಿಲೆಯಾಗಿದೆ ಎಂದೆ. ಪರಿಚಯ ಹೇಳಿ ಕಾಯಿಲೆ ಬಿದ್ದವರನ್ನು ಎಲ್ಲಿಯೂ ಕಂಡಿಲ್ಲ ಎಂದು ಒಬ್ಬರು ನಕ್ಕರು. ಕಾರ್ಯದರ್ಶಿ ನಗಲಿಲ್ಲ. ನಾನು ಕ್ಷಮೆ ಕೇಳಿ ಒಂದು ಕಾಗದ ಬರೆದುಕೊಡಬೇಕು, ಹುಡುಗಿಯನ್ನು ಊರಿಗೆ ಕಳಿಸಬೇಕು ಎಂಬಲ್ಲಿಗೆ ಮಾತು ಬಂತು.

ಆಗ ನಾನು ಒಂದು ತೀರ್ಮಾನಕ್ಕೆ ಬಂದೆ. ಅವರಿಗೆ ಒಬ್ಬರನ್ನು ಹೊರಗೆ ಹಾಕಿದ ಸಮಾಧಾನ ಬೇಕಾಗಿತ್ತು. ನನ್ನನ್ನು ಕಳಿಸಿ ಎಂದೆ. ಈ ತಿಂಗಳು ಮುಗಿದರೆ ಸದ್ದಿಲ್ಲದೆ ಹೋಗುತ್ತೇನೆ, ಕ್ಷಮಾಪಣೆ ಮಾತ್ರ ಬರೆಯುವುದಿಲ್ಲ. ಹುಡುಗಿ ಪರೀಕ್ಷೆ ಮುಗಿಯುವ ತನಕ ಇಲ್ಲೇ ಇರಬೇಕು, ಊಟಕ್ಕೆ ಮುಂಚೆ ಯಾರೂ ಎದ್ದು ನಿಂತು ಮನೆಯ ಕಥೆ ಹೇಳಬಾರದು. ಇಲ್ಲವೆಂದರೆ ನಾನು ಸದ್ದು ಮಾಡಿಯೇ ಹೋಗುತ್ತೇನೆ. ಅವರು ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿಕೊಂಡರು. ಇಂಥ ಬಾಯಿಬಡುಕಿ ತೊಲಗಿದರೆ ಸಾಕು ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಪರಿಚಯವನ್ನು ಸದ್ಯಕ್ಕೆ ನಿಲ್ಲಿಸುವುದೆಂದು ಹೇಳಿದವರು, ಎಲ್ಲರಿಗೂ ಆಶ್ಚರ್ಯವಾಗುವಂತೆ, ಕಾರ್ಯದರ್ಶಿ. ನನ್ನ ಮುಖ ನೋಡದೆ ಹೇಳಿದರು. ನಾನೂ ಥ್ಯಾಂಕ್ಸ್ ಹೇಳಲಿಲ್ಲ.

ಉಳಿದ ದಿನಗಳಲ್ಲಿ ಊಟದ ಕ್ರಮ ಬದಲಾಯಿಸಿದೆ. ಬಡಿಸುವ ಪಂಕ್ತಿ ತೆಗೆದು, ಪಾತ್ರೆಗಳನ್ನು ಮೇಜಿನ ಮೇಲಿಟ್ಟು, ಬೇಕಾದ್ದನ್ನು ತಾವೇ ಹಾಕಿಕೊಳ್ಳಲಿ ಎಂದೆ. ಕಪ್ಪು ಹಲಗೆಯನ್ನು ಆಫೀಸಿನ ಗೋಡೆಗೆ ಸಾಗಿಸಿದೆ. ಅಡುಗೆಯಮ್ಮ, ಇದೇನು ಮಿಲಿಟ್ರಿ ಹೋಟ್ಲಾ ಎಂದು ಗೊಣಗಿದಳು. ಹುಡುಗಿಯರು ಮೊದಲೆರಡು ದಿನ ಸೌಟು ಹಿಡಿಯಲು ನಾಚಿಕೊಂಡರು, ಆಮೇಲೆ ಸರಿಹೋಯಿತು. ಹುಡುಗಿ ಮಾತ್ರ ಹಾಲಿನ ಕಡೆ ಸುಳಿಯಲಿಲ್ಲ. ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ನಿದ್ದೆ ಸ್ವಲ್ಪ ಬರುತ್ತಿದೆ ಎಂದು ಗೆಳತಿ ಹೇಳಿದಳು. ಒಮ್ಮೆ ವೈದ್ಯೆಯ ಹತ್ತಿರ ಅವಳೊಬ್ಬಳೇ ಹೋಗಿಬಂದಳಂತೆ. ನಾನು ಏನೂ ಕೇಳಲಿಲ್ಲ. ಸೋಮವಾರದ ತೂಕವನ್ನು ನಿಲ್ಲಿಸಿಬಿಟ್ಟೆ.

ನಾನು ಹೊರಡುವ ಮುಂಚಿನ ದಿನ ಮಧ್ಯಾಹ್ನ ರೊಟ್ಟಿ ಮಾಡಿಸಿದ್ದೆ. ಊಟದ ಹೊತ್ತು ಇನ್ನೇನು ಮುಗಿಯುತ್ತ ಬಂದಿತ್ತು. ಮೂಲೆಯಲ್ಲಿ ಒಂದಿಬ್ಬರು ಹುಡುಗಿಯರು ಮಾತಾಡುತ್ತ ಕೂತಿದ್ದರು. ಅವಳು ಬಂದಳು. ತಟ್ಟೆ ತೆಗೆದುಕೊಳ್ಳದೆ ನೇರವಾಗಿ ನನ್ನ ಹತ್ತಿರವೇ ಬಂದು ನಿಂತಳು. ಕೃತಜ್ಞತೆಯ ಮಾತು ಬರುತ್ತದೇನೋ ಎಂದು ಒಂದು ಕ್ಷಣ ನನಗೂ ಅನ್ನಿಸಿತು. ಮುಖ ನೋಡಿದರೆ ಕೆಂಡ.

“ನನ್ನ ಸಲುವಾಗಿ ನೌಕರಿ ಬಿಟ್ರಂತಲ್ರಿ,” ಎಂದಳು. “ನಾ ಕೇಳಿದ್ನೇನು ನಿಮ್ಮನ್ನ? ಇಷ್ಟ ದಿನ ಅವರ ಋಣ ಹೊತ್ಕೊಂಡು ಉಂಡೆ. ಇನ್ನ ನಿಮ್ಮದೊಂದು ಹೊತ್ಕೊಂಡು ಉಣ್ಣಬೇಕೇನು?”

ಕೆನ್ನೆಗೆ ಹೊಡೆದ ಹಾಗಾಯಿತು. ತಿರುಗಿ ಎರಡು ಬಾರಿಸಬೇಕೆನ್ನಿಸಿತು. ಆದರೆ ಅವಳು ಕೇಳಿದ್ದು ನ್ಯಾಯವಾಗಿತ್ತು. ಹಲಗೆಯ ಮೇಲಿನ ಹೆಸರನ್ನು ಅಳಿಸಿ ಅಲ್ಲಿ ನನ್ನ ಹೆಸರು ಬರೆದರೆ ಅವಳ ಗಂಟಲಿಗೆ ಏನು ವ್ಯತ್ಯಾಸವಾಗುತ್ತದೆ?

“ನಿನಗೋಸ್ಕರ ಯಾರಮ್ಮ ಬಿಟ್ಟಿದ್ದು?” ಎಂದೆ, ಆದಷ್ಟು ಒರಟಾಗಿ. “ಈ ಮುದುಕರ ಮುಖ ನೋಡಿ ನೋಡಿ ನನಗೆ ಸಾಕಾಗಿತ್ತು. ರಾಜಾಜಿನಗರದಲ್ಲಿ ನಮ್ಮ ಮನೆ ಹತ್ರನೇ ಬೇರೆ ಕೆಲಸ ಸಿಕ್ಕಿದೆ.”

ಯಾವ ಕೆಲಸವೂ ಸಿಕ್ಕಿರಲಿಲ್ಲ.

“ಖರೇನಾ?”

“ಸುಳ್ಳು ಹೇಳಿ ನನಗೇನಾಗಬೇಕು?”

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ನಾನೂ ಕಣ್ಣು ತಪ್ಪಿಸಲಿಲ್ಲ. ನಂಬಿದಳೋ, ನಂಬಬೇಕೆಂದು ತೀರ್ಮಾನಿಸಿದಳೋ ತಿಳಿಯಲಿಲ್ಲ. ಮೇಜಿನ ಹತ್ತಿರ ಹೋಗಿ ತಟ್ಟೆ ತೆಗೆದುಕೊಂಡಳು. ರೊಟ್ಟಿಯ ಡಬರಿಯ ಮುಚ್ಚಳ ಎತ್ತಿದವಳು, ತಿರುಗಿ ನನ್ನನ್ನು ನೋಡಿದಳು.

“ಒಳಗ ಹೋಗ್ರಿ. ನೀವು ನೋಡ್ಕೋತ ನಿಂತ್ರ ನಾ ಉಣ್ಣಂಗಿಲ್ಲ.”

ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಬಾಗಿಲಿನ ಸಂದಿಯಿಂದ ನೋಡಬಹುದಿತ್ತು. ಇಷ್ಟು ದಿನ ಮಾಡಿದ್ದು ಅದೇ ಕೆಲಸ. ಒಲೆಯ ಕಡೆ ಮುಖ ಮಾಡಿ ನಿಂತೆ. ಅಡುಗೆಯಮ್ಮ ಕೊನೆಯ ಹಿಟ್ಟಿನ ಉಂಡೆಯನ್ನು ಬಡಿಯುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಹಾಲಿನ ಕಡೆಯಿಂದ ಯಾರೋ ಬಾಗಿಲು ತಟ್ಟಿದರು. ಅಡುಗೆಯಮ್ಮ ಎದ್ದು ಹೋಗಿ, ಬಾಗಿಲು ಓರೆ ಮಾಡಿ, ತಿರುಗಿ ಬಂದಳು. ಹಂಚಿನ ಮೇಲಿದ್ದ ಬಿಸಿ ರೊಟ್ಟಿಯನ್ನು ತಟ್ಟೆಗೆ ಎತ್ತಿಕೊಂಡಳು.

“ಇನ್ನೊಂದು ಬೇಕಂತೆ,” ಎಂದಳು.

ಯಾರಿಗೆ ಎಂದು ನಾನು ಕೇಳಲಿಲ್ಲ.